ನಮ್ಮತ್ತೆಯ ತಿಪ್ಪೆ ಮತ್ತು ಬೆಳಗಿನ ಪ್ಯಾಸೆಂಜರ್

ಹೋದ ತಿಂಗಳು ಮೈಸೂರಿನಲ್ಲಿ ತಂಗಿಯ ಮಗುವಿನ ನಾಮಕರಣ ಮುಗಿಸಿಕೊಂಡು ರೈಲಿನಲ್ಲಿ ಹಾಸನಕ್ಕೆ ಬರುತ್ತಿದ್ದೆ. ಹೊಳೆನರಸೀಪುರ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ರೈಲು ನಿಂತುಬಿಟ್ಟಿತು. ಮುಂದಿನ ಸ್ಟೇಷನ್ನಿನಲ್ಲಿ ಗೂಡ್ಸ್ ಇದೆ, ಸಿಗ್ನಲ್ ಕೊಟ್ಟಿಲ್ಲ ಎಂದರು ಯಾರೋ. ನಿಂತದ್ದಾದರೂ ಎಲ್ಲಿ? ನಮ್ಮೂರ ಹಾಲ್ಟಿನ ಎದುರಿಗೇ. ಕೈಮುಗಿದು ಬೇಡಿಕೊಂಡಾಗ ನಿಲ್ಲದ ರೈಲು ಈಗ ಯಾರೂ ಕೇಳದೆ ನಿಂತಿತ್ತು. ಪ್ಲಾಟ್‌ಫಾರಂ ಮೇಲೆ ಪಾರ್ಥೇನಿಯಂ ಎದೆಮಟ್ಟ ಬೆಳೆದಿತ್ತು. ಹಿಂದಿನ ದಿನ ಮಳೆಯಾಗಿತ್ತೋ ಏನೋ, ಕಿಟಕಿಯಿಂದ ಹಸಿ ತಿಪ್ಪೆಯ ವಾಸನೆ ಧುಮ್ಮೆಂದು ಒಳಕ್ಕೆ ನುಗ್ಗಿತು. ಎದುರಿಗೆ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿ ಹಾಕಿ ಎಂದರು. ನಾನು ಹಾಕಲಿಲ್ಲ. ಎದೆ ತುಂಬ ಎಳೆದುಕೊಂಡೆ. ಆ ತಿಪ್ಪೆ ನಮ್ಮತ್ತೆಯದು. ಅದರ ಹಿಂದೆ ಬೀಗ ಜಡಿದುಕೊಂಡು, ಬಾಗಿಲ ಮುಂದೆ ಎಕ್ಕದ ಗಿಡ ಬೆಳೆಸಿಕೊಂಡು ನಿಂತಿರುವ ಗೋಡೌನು ನಮ್ಮ ದೊಡ್ಡಮಾವನದು. ಎರಡನ್ನೂ ಒಟ್ಟಿಗೆ ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ.

ನಾನು ಹಾಸನದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಕೆಲಸ ಇರುವುದೆಲ್ಲ ಬೆಳಿಗ್ಗೆಯೇ. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಕೂತಿರುತ್ತಾರೆ; ಅವರನ್ನು ಕಾಯಿಸುವಂತಿಲ್ಲ, ಕಾಯಿಸಿದರೆ ಒಬ್ಬರಲ್ಲ ಒಬ್ಬರು ತಲೆ ತಿರುಗಿ ಬೀಳುತ್ತಾರೆ. ಮದುವೆಯಾಗಿ ಬಂದಾಗ ನಮ್ಮತ್ತೆ ದೇವೀರಮ್ಮ ಕೆಲಸಕ್ಕೆ ಹೋಗು ಎಂದಿದ್ದರು, ಆದರೆ ಒಂದು ಷರತ್ತು ಹಾಕಿದ್ದರು. ರೈಲಿನಲ್ಲೇ ಹೋಗಬೇಕು, ಊರಿನ ಹೆಂಗಸರ ಜೊತೆಗೇ ಬರಬೇಕು, ರಾತ್ರಿ ಬೇರೆ ಊರಲ್ಲಿ ಉಳಿಯಬಾರದು. ಬೆಳಗಿನ ಪ್ಯಾಸೆಂಜರ್ ಇರುವ ತನಕ ಆ ಷರತ್ತು ನನಗೆ ಭಾರವೇ ಅನ್ನಿಸಿರಲಿಲ್ಲ. ಸೊಪ್ಪಿನ ಗಂಟಿನವರು, ಹಾಲಿನ ಕ್ಯಾನಿನವರು, ಕಾಲೇಜು ಹುಡುಗಿಯರು, ಗಾರ್ಮೆಂಟ್ಸಿಗೆ ಹೋಗುವವರು ಎಲ್ಲ ಒಂದೇ ಬೋಗಿಗೆ ಹತ್ತುತ್ತಿದ್ದೆವು. ಮಾವಿನಕಾಯಿ ಉಪ್ಪು ಖಾರದಿಂದ ಹಿಡಿದು ನಾದಿನಿಯರ ಕಿತಾಪತಿಯವರೆಗೆ ಎಲ್ಲವೂ ಹಾಸನ ಬರುವಷ್ಟರಲ್ಲಿ ಹಂಚಿ ಮುಗಿದಿರುತ್ತಿತ್ತು.

ಆ ವರ್ಷ ಮುಂಗಾರು ಬೇಗ ಹಿಡಿಯಿತು. ಆಲೂಗಡ್ಡೆ ಬಿತ್ತನೆ ಮುಗಿದು ಮೊಳಕೆ ಕಾಣುವ ಹೊತ್ತಿಗೆ ಹಾಲ್ಟಿನ ಗೋಡೆಗೆ ಒಂದು ನೋಟೀಸು ಅಂಟಿಸಿ ಹೋದರು. ಮುಂದಿನ ತಿಂಗಳಿಂದ ಇಲ್ಲಿ ರೈಲು ನಿಲ್ಲುವುದಿಲ್ಲ. ಹಳಿಯ ಮೇಲೆ ಗೂಡ್ಸುಗಳು ಜಾಸ್ತಿಯಾಗುತ್ತಿವೆ, ಪ್ಯಾಸೆಂಜರುಗಳ ನಿಲುಗಡೆ ಕಡಿಮೆ ಮಾಡಬೇಕು, ಈ ಹಾಲ್ಟಿನಲ್ಲಿ ಟಿಕೆಟ್ ಮಾರಾಟ ಇಲ್ಲವೇ ಇಲ್ಲ ಎನ್ನುವುದು ಅದರ ಸಾರಾಂಶ.

ಮಾರಾಟ ಇರಲಿಲ್ಲ ಎನ್ನುವುದು ನಿಜ. ಅದಕ್ಕೊಂದು ಕಾರಣವಿತ್ತು. ಹಾಲ್ಟಿನಲ್ಲಿ ಕಮಿಷನ್ನಿಗೆ ಟಿಕೆಟ್ ಕೊಡುತ್ತಿದ್ದ ಚಿಕ್ಕೇಗೌಡ ಒಂದು ಸಲ ತನ್ನ ಹೊಲ ಮೇಯಿತೆಂದು ಬೇರೆಯವರ ಹಸುವಿಗೆ ಹೊಡೆದು ಕಾಲು ಮುರಿದಿದ್ದ. ಅಂದು ಅರಳಿಕಟ್ಟೆಯಲ್ಲಿ ಊರು ಕೂತು, ಇನ್ನು ಅವನ ಕೈಯಿಂದ ಯಾರೂ ಟಿಕೆಟ್ ತೆಗೆದುಕೊಳ್ಳಕೂಡದು ಎಂದು ತೀರ್ಮಾನ ಮಾಡಿತು. ನಮ್ಮೂರಿನವರು ಹಸಿದಾದರೂ ಇರುತ್ತಾರೆ, ಹಟ ಬಿಡುವುದಿಲ್ಲ. ಎಲ್ಲರೂ ಹಾಸನದಲ್ಲೇ ತಿಂಗಳ ಪಾಸು ಮಾಡಿಸಿಕೊಂಡರು. ಬೋಗಿಗೆ ಬೋಗಿಯೇ ತುಂಬಿಕೊಂಡು ಹೋಗುತ್ತಿದ್ದೆವು, ಚಿಕ್ಕೇಗೌಡ ಕಿಟಕಿಯ ಹಿಂದೆ ನೊಣ ಹೊಡೆಯುತ್ತ ಕೂತಿರುತ್ತಿದ್ದ. ಅವನಿಗೆ ಬುದ್ಧಿ ಕಲಿಸಿದೆವು ಎಂದು ನಾವು ಬೀಗಿದೆವು. ಎಲ್ಲೋ ದೂರದ ಆಫೀಸಿನಲ್ಲಿ ಕೂತು ಲೆಕ್ಕ ನೋಡಿದವರಿಗೆ ಮಾತ್ರ ನಮ್ಮೂರಲ್ಲಿ ರೈಲು ಹತ್ತುವ ಒಂದು ಪ್ರಾಣಿಯೂ ಇಲ್ಲವೆಂದು ಕಂಡಿತು.

ಇದನ್ನು ಅವರಿಗೆ ಹೇಳುವವರು ಒಬ್ಬರಿದ್ದರು. ನಮ್ಮ ದೊಡ್ಡಮಾವ, ನನ್ನ ಮಾವನ ಅಣ್ಣ, ಪುಟ್ಟರಾಜೇಗೌಡರು. ರೈಲ್ವೆಯವರು ಹಾಸನದಲ್ಲಿ ಪ್ರಯಾಣಿಕರ ಅಹವಾಲು ಕೇಳುವ ಸಮಿತಿ ಸೇರಿಸಿದಾಗಲೆಲ್ಲ ನಮ್ಮ ಕಡೆಯ ಪ್ರತಿನಿಧಿಯಾಗಿ ಹೋಗಿ ಕೂರುತ್ತಿದ್ದವರು ಅವರೇ. ಆ ಮನುಷ್ಯ ರೈಲು ಹತ್ತಿದ್ದನ್ನು ನಾನಂತೂ ಕಂಡಿಲ್ಲ. ಓಡಾಡುತ್ತಿದ್ದದ್ದು ಕಾರಿನಲ್ಲಿ, ಸಾಕಿದ್ದದ್ದು ಲಾರಿಗಳನ್ನು. ಕುರಿ ಕಾಯಲು ತೋಳನನ್ನು ಬಿಟ್ಟ ಹಾಗೆ. ನಮ್ಮ ಪಾಸುಗಳ ವಿಷಯ, ಹಸುವಿನ ವಿಷಯ, ಅರಳಿಕಟ್ಟೆಯ ತೀರ್ಮಾನ ಎಲ್ಲ ಅವರಿಗೆ ಗೊತ್ತಿತ್ತು. ಆ ತೀರ್ಮಾನ ಹೇಳಿದ್ದೇ ಅವರು. ಸಭೆಯಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಬದಲಿಗೆ, ಹಾಲ್ಟು ತೆಗೆದರೆ ನಮ್ಮದೇನೂ ತಕರಾರಿಲ್ಲ, ಅದೇ ಜಾಗದಲ್ಲಿ ಗೂಡ್ಸ್ ನಿಲ್ಲಿಸಿ ಸರಕು ತುಂಬಲು ಒಂದು ಅಡ್ಡಹಳಿ ಹಾಕಿಕೊಡಿ, ಪಕ್ಕದಲ್ಲಿ ನಾನೇ ಗೋಡೌನು ಕಟ್ಟುತ್ತೇನೆ ಎಂದು ಒಪ್ಪಿಕೊಂಡು ಬಂದರು. ಇದನ್ನು ಅವರು ಬಚ್ಚಿಟ್ಟುಕೊಳ್ಳಲೂ ಇಲ್ಲ. ಕಟ್ಟೆಯ ಮೇಲೆ ಕೂತು ಮೀಸೆ ತಿರುವುತ್ತ ಹೇಳಿಕೊಂಡರು. ಕಾಲೇಜಿಗೆ ಹೋಗುವ ಮಗಳಿದ್ದ ಒಬ್ಬಾತ ನಮ್ಮ ಹೆಣ್ಣುಮಕ್ಕಳ ಗತಿ ಏನು ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಊರೆಲ್ಲ ಹರಡಿತು.

“ಎಂಗುಸ್ರು ದಿನಾ ಆಸನಕ್ ಓಗಿ ಅದೇನ್ ಕಡ್ದು ಕಟ್ಟೆ ಆಕ್ಬೇಕಾಗೈತ್ಲಾ?”

ಆ ಮಾತು ಕೇಳಿದ ದಿನ ನನಗೆ ಅನ್ನ ಇಳಿಯಲಿಲ್ಲ. ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ, ಆ ಮೀಸೆ ಒಂದಲ್ಲ ಒಂದು ದಿನ ಮಣ್ಣಾಗುವುದನ್ನು ಕಣ್ಣಾರೆ ನೋಡಬೇಕು ಎನ್ನುವ ಆಸೆ ಬಂತು.

ರೈಲು ನಿಲ್ಲುವುದು ನಿಂತಿತು. ನಾಲೆ ಏರಿಯ ಮೇಲೆ ಮಳೆಯಲ್ಲಿ ನೆನೆದುಕೊಂಡು ಟಾರು ರೋಡಿಗೆ ನಡೆದು ಬಸ್ಸು ಹಿಡಿದರೆ ಲ್ಯಾಬು ಮುಟ್ಟುವಷ್ಟರಲ್ಲಿ ಖಾಲಿ ಹೊಟ್ಟೆಯವರು ಬೈದುಕೊಂಡು ಬೇರೆ ಲ್ಯಾಬಿಗೆ ಹೋಗಿರುತ್ತಿದ್ದರು. ಒಂದು ದಿನ ಒಬ್ಬ ಅಜ್ಜಿ ಕಾದು ಕಾದು ಬೆಂಚಿನಿಂದ ಜಾರಿ ಬಿದ್ದರು. ಲ್ಯಾಬಿನ ಮಾಲೀಕರು ಧರಣೇಂದ್ರಯ್ಯ, ಚನ್ನರಾಯಪಟ್ಟಣದ ಕಡೆಯ ಜೈನರು, ಕೊಬ್ಬರಿ ವ್ಯಾಪಾರದ ಮನೆಯವರು. ಮೃದು ಮನುಷ್ಯ. ನನ್ನನ್ನು ಮಧ್ಯಾಹ್ನಕ್ಕೆ ಹಾಕಿ ಟ್ಯೂಬು ತೊಳೆಯುವ ಕೆಲಸ ಕೊಟ್ಟರು. ಇದು ಬಹಳ ದಿನ ನಡೆಯುವುದಿಲ್ಲ, ದೀಪಾವಳಿ ಕಳೆದ ಮೇಲೆ ಬೆಳಿಗ್ಗೆಗೆ ಬೇರೆ ಹುಡುಗಿಯನ್ನು ನೋಡಬೇಕಾಗುತ್ತದೆ ಎಂದು ತಲೆ ಬಗ್ಗಿಸಿಕೊಂಡೇ ಹೇಳಿದರು. ರೈಲಿನವರ ಮೇಲೆ ನಾನು ಹರಿಹಾಯ್ದಾಗ ಅವರು ಹೇಳಿದ ಮಾತೊಂದು ತಲೆಯಲ್ಲಿ ಕೂತಿದೆ.

“ಸುಮಾ, ಇರೋದು ಒಂದೇ ಹಳಿ. ಜನಾನೂ ಹೋಗಬೇಕು, ಸರಕೂ ಹೋಗಬೇಕು. ಯಾರು ಮೊದಲು ಅಂತ ತೀರ್ಮಾನ ಮಾಡೋರು ಮಾತ್ರ ಆ ಹಳಿ ಪಕ್ಕ ಒಂದು ದಿನವೂ ಕಾದು ನಿಂತಿರಲ್ಲ ನೋಡು.”

ನನ್ನ ಜೊತೆ ಕೆಲಸ ಮಾಡುತ್ತಿದ್ದ ಕೊಣನೂರಿನ ಲಕ್ಷ್ಮಿ ಇದಕ್ಕೆ ನಕ್ಕಳು. ನಿಮಗಾದರೂ ಕಳೆದುಕೊಳ್ಳುವುದಕ್ಕೆ ಒಂದು ರೈಲಿತ್ತು, ನಮ್ಮ ಅರಕಲಗೂಡು ತಾಲ್ಲೂಕಿಗೆ ಅದೂ ಇಲ್ಲ ಎಂದಳು. ಅವಳು ಹೇಳಿದ್ದು ಸರಿಯೇ. ಸರಕು ಹೋಗಬಾರದು ಎಂದು ನಾನೂ ಹೇಳುವವಳಲ್ಲ. ಗೊಬ್ಬರ ಬರಬೇಕು, ಸಿಮೆಂಟು ಬರಬೇಕು, ನಮ್ಮ ಆಲೂಗಡ್ಡೆ ಜೋಳ ನಾಲ್ಕು ಊರಿಗೆ ಹೋಗಬೇಕು. ಆದರೆ ಆಲೂಗಡ್ಡೆ ಮೂಟೆಗೆ ದಾರಿ ಮಾಡಲು ಅದನ್ನು ಅಗೆದ ಹೆಂಗಸನ್ನು ಕೆಳಗಿಳಿಸಬೇಕೇ? ಇಳಿಸುವುದಿದ್ದರೆ ಇಳಿಯುವವಳನ್ನು ಒಂದು ಮಾತು ಕೇಳಬೇಡವೇ? ಕೇಳುವುದಿದ್ದರೆ ದೊಡ್ಡಮಾವನನ್ನೇ ಕೇಳಬೇಕೇ?

ನಮ್ಮತ್ತೆ ಇಷ್ಟೂ ದಿನ ಬಾಯಿ ಬಿಡಲಿಲ್ಲ. ಒಂದು ಸಂಜೆ ಕೊಟ್ಟಿಗೆ ಬಳಿಯುತ್ತ, ಗೋಡೌನು ಯಾವ ಜಾಗದಲ್ಲಿ ಕಟ್ಟುತ್ತಾರಂತೆ ಎಂದು ಕೇಳಿದರು. ನಾಲೆಗೂ ಹಳಿಗೂ ನಡುವೆ, ನಮ್ಮ ತಿಪ್ಪೆಯ ಹಿಂದೆ ಎಂದೆ. ಅತ್ತೆ ಸಗಣಿ ಕೈಯನ್ನು ಹಾಗೇ ಹಿಡಿದುಕೊಂಡು ನಕ್ಕರು. ಆ ಮಳೆಗಾಲದಲ್ಲಿ ಅವರು ನಕ್ಕದ್ದು ಅದೇ ಮೊದಲು.

ಆ ತಿಪ್ಪೆಗೂ ಒಂದು ಕಥೆ ಇದೆ. ಅಣ್ಣತಮ್ಮಂದಿರು ಪಾಲಾದಾಗ ರೋಡಿನ ಪಕ್ಕದ ಹೊಲ, ಬಾವಿ, ತೆಂಗು ಎಲ್ಲ ದೊಡ್ಡಮಾವ ತಮಗೆ ಬರೆಸಿಕೊಂಡು, ಹಳಿಯ ಮಗ್ಗುಲಿನ ತಿಪ್ಪೆ ಜಾಗವನ್ನು ತಮ್ಮನ ಕಡೆಗೆ ತಳ್ಳಿದ್ದರಂತೆ. ಗೊಬ್ಬರ ಚೆನ್ನಾಗಿ ಬರುತ್ತೆ ಇಟ್ಟುಕೋ ಎಂದು ಪಂಚಾಯಿತಿಯವರ ಎದುರು ನಗೆಯಾಡಿದ್ದರಂತೆ. ನನ್ನ ಮಾವ ಆ ನಗೆಯನ್ನು ನುಂಗಿಕೊಂಡೇ ತೀರಿಹೋದರು. ಅತ್ತೆ ನುಂಗಿರಲಿಲ್ಲ. ಇನ್ನು ನಮ್ಮ ಕಡೆಯ ಕಟ್ಟು ಏನೆಂದರೆ, ಕಿರಿಯವನ ಹೆಂಡತಿ ಬಾವನ ಎದುರು ನಿಲ್ಲಬಾರದು, ನೇರವಾಗಿ ಮಾತಾಡಬಾರದು. ಏನಾದರೂ ಹೇಳುವುದಿದ್ದರೆ ಬಾಗಿಲ ಮರೆಯಿಂದ ಮಕ್ಕಳ ಕೈಲಿ ಹೇಳಿಸಬೇಕು. ನಮ್ಮತ್ತೆ ಮದುವೆಯಾದಾಗಿನಿಂದ ಅದನ್ನು ಒಂದು ದಿನವೂ ಮುರಿದವರಲ್ಲ.

ಶ್ರಾವಣದಲ್ಲಿ ಒಂದು ದಿನ ದೊಡ್ಡಮಾವ ಮನೆಗೆ ಬಂದು ಜಗುಲಿಯ ಮೇಲೆ ಕೂತರು. ಗೋಡೌನಿಗೆ ಪಾಯ ಹಾಕಿ ಆಗಿತ್ತು. ಒಂದು ಕಡೆ ನಾಲೆ, ಇನ್ನೊಂದು ಕಡೆ ಬೇರೆಯವರ ಆಳವಾದ ಗದ್ದೆ. ಲಾರಿ ಹೋಗುವುದಕ್ಕೂ ಅಡ್ಡಹಳಿ ಬರುವುದಕ್ಕೂ ತಿಪ್ಪೆಯ ಮೇಲೇ ಹಾದಿಯಾಗಬೇಕು. ನನ್ನ ಗಂಡ ರವಿ ಪಾಪದ ಮನುಷ್ಯ, ದೊಡ್ಡಪ್ಪನ ಎದುರು ಕೈಕಟ್ಟಿಕೊಂಡು ನಿಂತಿದ್ದ.

“ತಿಪ್ಪೆ ಮ್ಯಾಗ್ಲಾಸಿ ಒಂದು ದಾರಿ ಬೇಕಾಯ್ತದೆ. ನಿಮ್ಮವ್ವ ಏನಂತಾಳೆ ಕೇಳ್ಲಾ ರವಿ” ಎಂದರು.

ರವಿ ಒಳಗೆ ಬಂದ. ಅತ್ತೆ ಬಾಗಿಲ ಹಿಂದೆ ಕೂತು ರಾಗಿ ಕೇರುತ್ತಿದ್ದರು. ಮೊರದ ಸದ್ದು ನಿಲ್ಲಲಿಲ್ಲ, ಮಾತು ಬರಲಿಲ್ಲ. ನನಗೆ ತಡೆಯಲಾಗದೆ ಬಾಯಿ ತೆಗೆಯಲು ಹೋದೆ. ಅತ್ತೆ ನನ್ನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹೊರಗಡೆ ದೊಡ್ಡಮಾವ ಸ್ವಲ್ಪ ಹೊತ್ತು ಕಾದು, ಆಯಿತು, ಒಪ್ಪಿದಳು ಅಂತಾಯಿತು ಎಂದು ಹೇಳಿ ಎದ್ದು ಟವೆಲ್ಲು ಕೊಡವಿ ಹೊರಟರು. ಹೆಂಗಸು ಸುಮ್ಮನಿದ್ದರೆ ಒಪ್ಪಿದಂತೆ ಎನ್ನುವುದು ಅವರಿಗೆ ಮೊದಲಿನಿಂದ ಅಭ್ಯಾಸ. ಅವರು ತಿರುವಿನಾಚೆ ಹೋದ ಮೇಲೆ ಅತ್ತೆ ನನ್ನ ಕಾಲು ಬಿಟ್ಟರು.

“ಇವತ್ತು ಇಲ್ಲಾ ಅಂದ್ರೆ ಪಾಯ ಮುಚ್ಕಂಡು ಬ್ಯಾರೆ ಕಡೀಕ್ ಓಯ್ತಾನೆ. ಗ್ವಾಡೆ ಏಳ್ಲಿ ತಡಿ. ಮ್ಯಾಲೆ ಶೀಟು ಬೀಳ್ಲಿ” ಎಂದರು.

ಅಂದಿನಿಂದ ನಾನು ಮಳೆಯಲ್ಲಿ ನೆನೆಯುವುದು ನನಗೆ ಲೆಕ್ಕಕ್ಕೇ ಬರಲಿಲ್ಲ. ಬಸ್ಸಿಗೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಗೋಡೆ ಎಷ್ಟು ಎದ್ದಿದೆ ಎಂದು ನೋಡುತ್ತಿದ್ದೆ. ಗಾರೆಯವರು ಕೆಲಸ ನಿಲ್ಲಿಸಿದರೆ ನನಗೇ ಬೇಜಾರು. ಅತ್ತೆ ಇನ್ನೂ ಒಂದು ಕೈ ಮೇಲೆ. ಮನೆ ಸಗಣಿ ಸಾಲದು ಎಂದು ಅಕ್ಕಪಕ್ಕದ ಕೊಟ್ಟಿಗೆಗಳಿಂದಲೂ ಕೇಳಿ ತಂದು ಸುರಿದರು. ಆಲೂಗಡ್ಡೆ ಅಗೆದ ಮೇಲೆ ಕೊಳೆತವನ್ನೂ, ಒಣಗಿದ ಬಳ್ಳಿಯನ್ನೂ ಹೊತ್ತು ಹಾಕಿದರು. ಗೋಡೌನಿನ ಗೋಡೆಯ ಜೊತೆಜೊತೆಗೇ ತಿಪ್ಪೆಯೂ ಎದ್ದಿತು. ಅಷ್ಟು ಒಳ್ಳೆಯ ಗೊಬ್ಬರ ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ದೊಡ್ಡಮಾವ ಅದನ್ನು ನೋಡಿಕೊಂಡೇ ಓಡಾಡುತ್ತಿದ್ದರು, ಜೆಸಿಬಿ ತಂದರೆ ಅರ್ಧ ದಿನದ ಕೆಲಸ ಎನ್ನುತ್ತಿದ್ದರಂತೆ. ದೀಪಾವಳಿಗೆ ಹೊಸ ಶೀಟು ಬಿಸಿಲಲ್ಲಿ ಫಳಫಳ ಎನ್ನುತ್ತಿತ್ತು. ಅತ್ತೆ ಪ್ರತಿ ವರ್ಷದಂತೆ ತಿಪ್ಪೆಗೆ ಹುಚ್ಚೆಳ್ಳು ಹೂವು ಸಿಕ್ಕಿಸಿ ದೀಪ ಹಚ್ಚಿಟ್ಟರು. ಆ ಸಲ ಕೈಮುಗಿದು ಬಹಳ ಹೊತ್ತು ನಿಂತಿದ್ದರು.

ಹಬ್ಬ ಕಳೆದ ವಾರವೇ ಜಾಗ ನೋಡಲು ರೈಲ್ವೆ ಅಧಿಕಾರಿಗಳು ಜೀಪಿನಲ್ಲಿ ಬಂದರು. ಊರಿಗೆ ಊರೇ ಸೇರಿತು. ದೊಡ್ಡಮಾವ ಗರಿಗರಿ ಪಂಚೆ ಉಟ್ಟು ಎಳನೀರು ಕೆತ್ತಿಸಿ ಕೊಟ್ಟರು. ಅಧಿಕಾರಿಗಳಲ್ಲಿ ಹಿರಿಯರು ತಿಪ್ಪೆಯ ಮುಂದೆ ನಿಂತು, ಇದು ಯಾರ ಜಾಗ, ಇದನ್ನು ಬಿಡಲು ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದರು. ನಮ್ಮ ಮನೆಯದೇ ಸಾರ್, ಕೇಳಿ ಆಗಿದೆ, ಯಾರೂ ಏನೂ ಅನ್ನುವುದಿಲ್ಲ ಎಂದರು ದೊಡ್ಡಮಾವ.

ಅತ್ತೆ ನನ್ನ ಪಕ್ಕದಲ್ಲಿ ನಿಂತಿದ್ದರು. ತಲೆ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಗುಂಪು ಸೀಳಿಕೊಂಡು ಹೋಗಿ ಬಾವನ ಎದುರಿಗೆ ನಿಂತರು.

“ಬಾವ್ನೋರೆ, ತಿಪ್ಪೆ ನಂದು. ನಾನು ಬುಡಾಕಿಲ್ಲ.”

ಆ ದನಿ ದೊಡ್ಡಮಾವನಿಗೆ ಗೊತ್ತಿತ್ತು, ಆದರೆ ಗೋಡೆಯ ಆಚೆಯಿಂದ. ಗೋಡೆಯಿಲ್ಲದೆ ಕೇಳಿದ್ದು ಅದೇ ಮೊದಲು. ಅವರ ಮುಖ ನೋಡಬೇಕಿತ್ತು. ಬೈಯಲು ಬಾಯಿ ತೆರೆದರು, ತಮ್ಮನ ಹೆಂಡತಿಯ ಮುಖ ನೋಡಿ ನೇರವಾಗಿ ಬೈದು ಅಭ್ಯಾಸವಿಲ್ಲ, ರವಿ ಎಲ್ಲಿ ಎಂದು ಸುತ್ತ ಹುಡುಕಿದರು. ರವಿ, ನನ್ನ ಪುಣ್ಯ, ಎಳನೀರು ಬುರುಡೆ ಆರಿಸುವ ನೆಪದಲ್ಲಿ ಗೋಡೌನಿನ ಹಿಂದೆ ಹೋಗಿ ನಿಂತುಬಿಟ್ಟಿದ್ದ. ಪಾಲಿನಲ್ಲಿ ಅದು ತಮ್ಮನಿಗೇ ಹೋದದ್ದು, ನಾವೇ ಸಾಕ್ಷಿ ಎಂದು ಇಬ್ಬರು ಮುದುಕರು ಕೂಗಿದರು. ಅಧಿಕಾರಿ ಒಳ್ಳೆಯವರೇ, ಅತ್ತೆಯನ್ನು ಸಮಾಧಾನವಾಗಿ ಕೇಳಿದರು, ಏನಾದರೆ ಬಿಡುತ್ತೀರಮ್ಮ ಎಂದು. ಬೆಳಗಿನ ರೈಲು ಮೊದಲಿನ ಹಾಗೆ ನಿಲ್ಲಲಿ, ಅಂದೇ ಬಿಡುತ್ತೇನೆ ಎಂದರು ಅತ್ತೆ. ಅಧಿಕಾರಿ ಕೈಚೆಲ್ಲಿದರು.

“ಅದು ನಮ್ಮ ಕೈಲಿಲ್ಲಮ್ಮ. ಮೇಲಿಂದ ಆಗಬೇಕು.”

“ಅಂಗಾರೆ ತಿಪ್ಪೇನೂ ನನ್ ಕೈಲಿಲ್ಲ ಸಾ. ಅದು ಕೆಳಗಿಂದ ಆಗ್ಬೇಕು. ಬುಡುದಾಗಿಂದು ಚೆನ್ನಾಗಿ ಕೊಳೀಬೇಕು. ಕೊಳ್ತ ಮ್ಯಾಕೆ ಯೋಳ್ ಕಳುಸ್ತೀನಿ, ಬನ್ನಿ.”

ಊರು ನಕ್ಕಿತು. ಅಧಿಕಾರಿಯೂ ಮುಖ ತಿರುಗಿಸಿಕೊಂಡು ನಕ್ಕರು. ಜೀಪು ಹೋಯಿತು, ಮತ್ತೆ ಬರಲಿಲ್ಲ. ಗೂಡ್ಸುಗಳು ಇವತ್ತಿಗೂ ಗೋಡೌನಿನ ಎದುರಿಗೇ ಧಡಧಡನೆ ಓಡುತ್ತವೆ, ಒಂದೂ ನಿಲ್ಲುವುದಿಲ್ಲ. ರೈಲು ನಮಗೂ ದಕ್ಕಲಿಲ್ಲ, ಅವರಿಗೂ ದಕ್ಕಲಿಲ್ಲ. ನಮಗೆ ದಕ್ಕದ್ದಕ್ಕೆ ನನಗೆ ಇನ್ನೂ ಸಂಕಟವಿದೆ. ಅವರಿಗೆ ದಕ್ಕದ್ದಕ್ಕೆ ಇರುವ ಸಂತೋಷ ಮಾತ್ರ ಅದಕ್ಕಿಂತ ಒಂದು ತೂಕ ಹೆಚ್ಚು.

ಅಂದು ಸಂಜೆ ನಾನು ಅತ್ತೆಯ ಮುಂದೆ ಕೂತು, ಇನ್ನು ಲ್ಯಾಬಿನ ಕೆಲಸ ಬಿಡುತ್ತೇನೆ, ಬೇರೆ ದಾರಿಯಿಲ್ಲ ಎಂದೆ. ಅತ್ತೆ ಮುದ್ದೆ ತಿರುವುತ್ತಿದ್ದವರು ಕೋಲು ಬಿಟ್ಟು ನನ್ನ ಕಡೆ ತಿರುಗಿದರು.

“ನೀನು ಕೆಲ್ಸ ಬುಟ್ರೆ ಅವ್ನೇ ಗೆದ್ದಂಗಾಯ್ತದೆ ಕಣವ್ವ. ಆಸ್ನದಲ್ಲೇ ರೂಮ್ ಮಾಡ್ಕಂಡು ಇರೋಗು. ಸನಿವಾರ ಬಾ.”

ರಾತ್ರಿ ಬೇರೆ ಊರಲ್ಲಿ ಉಳಿಯಬಾರದು ಎಂದ ಬಾಯಿಯೇ ಅದು. ದೊಡ್ಡಮಾವನ ಮೇಲಿನ ಹಟಕ್ಕಾಗಿ ಅತ್ತೆ ಒಂದೇ ದಿನದಲ್ಲಿ ಎರಡು ಕಟ್ಟು ಮುರಿದರು. ನಾನು ಲಕ್ಷ್ಮಿಯ ಜೊತೆ ರೂಮು ಮಾಡಿದೆ. ಬೆಳಗಿನ ಕೆಲಸ ಮರಳಿ ಸಿಕ್ಕಿತು. ಕಾಲೇಜಿಗೆ ಹೋಗುತ್ತಿದ್ದ ಹುಡುಗಿಯರಲ್ಲಿ ಇಬ್ಬರು ಓದು ಬಿಟ್ಟರು, ಸೊಪ್ಪಿನವರು ಸೊಪ್ಪು ಬೆಳೆಯುವುದನ್ನೇ ಬಿಟ್ಟರು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಹೋದ ತಿಂಗಳು ಹಾಗೆ ರೈಲು ಹಾಲ್ಟಿನ ಎದುರು ನಿಂತು ಮತ್ತೆ ಹೊರಟ ಮಾರನೆಯ ದಿನವೇ ಇದು ನಡೆಯಿತು. ಲ್ಯಾಬಿನಲ್ಲಿ ಬೆಳಗಿನವರ ಸರದಿ ಮುಗಿದು, ತಿಂಡಿ ತಿಂದು ಎರಡನೆಯ ಸಲ ರಕ್ತ ಕೊಡಲು ಬಂದವರು ಬೆಂಚಿನ ತುಂಬ ಕೂತಿದ್ದರು. ಬಾಗಿಲು ಹಿಡಿದುಕೊಂಡು ಒಬ್ಬರು ಒಳಗೆ ಬಂದರು. ತುಟಿ ಒಣಗಿತ್ತು. ಮೀಸೆ ಬೋಳಿಸಿದ್ದರಿಂದ ದೊಡ್ಡಮಾವ ಎಂದು ತಕ್ಷಣ ಗೊತ್ತಾಗಲಿಲ್ಲ. ಗೋಡೌನಿನ ಸಾಲಕ್ಕೆ ಲಾರಿಗಳು ಹೋಗಿ, ಕಾರೂ ಹೋಗಿತ್ತು. ಈಗ ಸಕ್ಕರೆ ಕಾಯಿಲೆ ಬಂದಿತ್ತು, ಖಾಲಿ ಹೊಟ್ಟೆಯ ರಕ್ತ ಕೊಡಬೇಕೆಂದು ಡಾಕ್ಟರು ಹೇಳಿ ಕಳಿಸಿದ್ದರು. ರೋಡಿಗೆ ನಡೆದು, ಬಸ್ಸಿಗೆ ಕಾದು, ಏನೂ ತಿನ್ನದೆ ಬಂದಿದ್ದರು.

ಕುರ್ಚಿಯಲ್ಲಿ ಕೂರಿಸಿ ತೋಳಿಗೆ ಪಟ್ಟಿ ಕಟ್ಟಿದೆ. ಖಾಲಿ ಹೊಟ್ಟೆಯವರು ಇಷ್ಟು ತಡ ಮಾಡಬಾರದು ದೊಡ್ಡಮಾವ, ಬೆಳಿಗ್ಗೆಯೇ ಬರಬಾರದಿತ್ತೇ ಎಂದು ಎಲ್ಲ ರೋಗಿಗಳಿಗೂ ಕೇಳುವ ಹಾಗೆಯೇ ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ನೆಲ ನೋಡಿದರು.

“ಎಂಗ್ ಬರ್ಲವ್ವ” ಎಂದರು ಸಣ್ಣ ದನಿಯಲ್ಲಿ. “ನಮ್ಮೂರಲ್ಲಿ ರೈಲು ನಿಲ್ಲಾಕಿಲ್ವಲ್ಲ.”

ಸೂಜಿ ಕೈಯಲ್ಲಿತ್ತು. ನರ ಚೆನ್ನಾಗಿಯೇ ಕಾಣುತ್ತಿತ್ತು. ನಾನು ಚುಚ್ಚಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಈ ಕಡೆ ತಿರುಗುವವರೆಗೆ ಕಾದೆ.

“ಕೇಳಿಸಲಿಲ್ಲ ದೊಡ್ಡಮಾವ” ಎಂದೆ. “ಇನ್ನೊಂದು ಸಲ ಹೇಳಿ.”

ಅವರು ಹೇಳಿದರು.